ಕಕ್ಕಿಂಜೆಯ ಬನ್ಸೂ ನನ್ನ ಪಥ್ಯವೂ

ಸಕ್ಕರೆ ಕಾಯಿಲೆ ಬುದ್ಧಿವಂತರನ್ನು ಏನೂ ಮಾಡಲಾರದು ಎಂಬ ನಂಬಿಕೆ ನನಗೆ ಮೊನ್ನೆ ಮೊನ್ನೆಯವರೆಗೂ ಇತ್ತು. ಆ ನಂಬಿಕೆಗೆ ಆಧಾರ, ನಾನು ಬುದ್ಧಿವಂತ ಎಂಬ ಇನ್ನೊಂದು ನಂಬಿಕೆ. ಅದಕ್ಕೆ ಆಧಾರ ಏನೆಂದು ನನ್ನ ಹೆಂಡತಿ ಸುಮತಿ ಆಗಾಗ ಕೇಳುವುದುಂಟು.

ನನ್ನ ಕಾಯಿಲೆಯನ್ನು ಮೊದಲು ಹಿಡಿದವರು ಕಣ್ಣಿನ ಡಾಕ್ಟರು. ಹೊಸ ಕನ್ನಡಕ ಮಾಡಿಸೋಣವೆಂದು ಬಂಟ್ವಾಳಕ್ಕೆ ಹೋದವನು ಕನ್ನಡಕವಿಲ್ಲದೆ, ರಕ್ತಪರೀಕ್ಷೆಯ ಚೀಟಿ ಹಿಡಿದುಕೊಂಡು ಮನೆಗೆ ಬಂದೆ. ಪರೀಕ್ಷೆ ಮಾಡಿಸಿದೆ. ಸಕ್ಕರೆ ಧಾರಾಳವಾಗಿತ್ತು! ನಮ್ಮ ಮನೆಯ ಡಬ್ಬದಲ್ಲಿಯೂ ಅಷ್ಟು ಇರಲಿಲ್ಲವೆಂದು ಕಾಣುತ್ತದೆ.

ಆದರೂ ನಾನು ಹೆದರಲಿಲ್ಲ. ಮೂವತ್ತೊಂದು ವರ್ಷ ಬೆಳ್ತಂಗಡಿ, ಮೂಡುಬಿದಿರೆ, ಬಂಟ್ವಾಳದ ಹೈಸ್ಕೂಲುಗಳಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಹತ್ತನೇ ತರಗತಿಯ ಹಿಂದಿನ ಬೆಂಚನ್ನು ಮಧ್ಯಾಹ್ನದ ಊಟದ ನಂತರ ಎದುರಿಸಿದವನಿಗೆ ಸಕ್ಕರೆ ಯಾವ ಲೆಕ್ಕ?

ಸಕ್ಕರೆ ಕಾಯಿಲೆ ನೋಡುವ ಡಾಕ್ಟರು ಮಧ್ಯವಯಸ್ಸಿನ ಹೆಂಗಸು. ಸಮಾಧಾನದವರು. ಸುಮತಿಯನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು:

“ಮಾಸ್ಟ್ರೇ, ಮಾತ್ರೆ ಬರೆದು ಕೊಡ್ತೇನೆ. ಆದರೆ ಅರ್ಧ ಮದ್ದು ನಿಮ್ಮ ಊಟದ ಬಟ್ಟಲಲ್ಲೇ ಉಂಟು. ಬಟ್ಟಲಿನ ಅರ್ಧ ಭಾಗ ಪಲ್ಯ, ಸೊಪ್ಪು. ಕಾಲು ಭಾಗ ಅನ್ನ. ಇನ್ನು ಕಾಲು ಭಾಗ ಬೇಳೆಯೋ ಮೀನೋ. ಸಿಹಿ ಬೇಡ, ಕರಿದದ್ದು ಬೇಡ. ಹೊತ್ತು ಹೊತ್ತಿಗೆ ಊಟ ಮಾಡಿ, ಉಪವಾಸ ಮಾತ್ರ ಮಾಡ್ಬೇಡಿ. ದಿನಾ ಅರ್ಧ ಗಂಟೆ ವಾಕಿಂಗ್. ಮೂರು ತಿಂಗಳು ಬಿಟ್ಟು ಬನ್ನಿ, ಪುನಃ ಪರೀಕ್ಷೆ ಮಾಡುವ.”

“ಕುಚ್ಚಲಕ್ಕಿ ಅನ್ನ ಆದ್ರೆ ಎಷ್ಟೂ ಆಗ್ತದಲ್ಲ ಡಾಕ್ಟ್ರೇ?”

“ಆಗ್ತದೆ. ಕಾಲು ಭಾಗ.”

“ಸಕ್ಕರೆ ಬಿಡ್ತೇನೆ. ಬೆಲ್ಲ?”

“ಬೆಲ್ಲ ಸಕ್ಕರೆಯ ಅಣ್ಣ.”

“ಜೇನು?”

“ತಂಗಿ.”

ಸುಮತಿ ನಡುವೆ ಬಾಯಿ ಹಾಕಿದಳು. “ಇವರಿಗೆ ಆ ಕುಟುಂಬದ ಎಲ್ಲರದ್ದೂ ಪರಿಚಯ ಉಂಟು ಡಾಕ್ಟ್ರೇ!”

ಮರುದಿನದಿಂದ ನಮ್ಮ ಮನೆಯಲ್ಲಿ ಹೊಸ ಆಡಳಿತ ಜಾರಿಗೆ ಬಂತು. ಬೆಳಿಗ್ಗೆ ಎಂಟು ನೀರುದೋಸೆ ತಿನ್ನುತ್ತಿದ್ದವನ ಮುಂದೆ ಎರಡು ನೀರುದೋಸೆ, ಒಂದು ಗುಡ್ಡೆ ಹೆಸರುಕಾಳಿನ ಪಲ್ಯ. ಮಧ್ಯಾಹ್ನ ಬಸಳೆ, ತೊಂಡೆಕಾಯಿ, ಬಂಗುಡೆ ಮೀನಿನ ಸಾರು. ಈ ಮೂವರ ಮಧ್ಯೆ ನಾಚಿಕೊಂಡು ಕುಳಿತ ಒಂದು ಹಿಡಿ ಅನ್ನ. ಸಂಜೆ ಸಕ್ಕರೆಯಿಲ್ಲದ ಚಾ. ಅಡುಗೆಕೋಣೆಯ ಕಪಾಟಿನಿಂದ ಸಕ್ಕರೆ ಡಬ್ಬವೇ ನಾಪತ್ತೆಯಾಯಿತು.

“ಡಬ್ಬ ಎಲ್ಲಿ?”

“ಜಲಜಕ್ಕನ ಮನೆಗೆ ಹೋಗಿದೆ.”

“ಯಾವಾಗ ಬರ್ತದೆ?”

“ನಿಮ್ಮ ಶುಗರ್ ಹೋದ ಮೇಲೆ.”

ಜಲಜಕ್ಕ ನಮ್ಮ ಪಕ್ಕದ ಮನೆಯವರು. ಡಬ್ಬವನ್ನು ಅವರು ಸಂತೋಷದಿಂದಲೇ ಸಾಕುತ್ತಿದ್ದರು.

ಹೀಗೆ ನಾಲ್ಕು ದಿನ ಕಳೆಯಿತು. ಐದನೆಯ ದಿನ ಸಕ್ಕರೆಯಿಲ್ಲದ ಚಾ ಕುಡಿಯುತ್ತಿದ್ದಾಗ ನನಗೆ ಜ್ಞಾನೋದಯವಾಯಿತು. ನಮ್ಮ ಶಾಲೆಗೆ ಇನ್‌ಸ್ಪೆಕ್ಷನ್ ಇದ್ದಾಗ ಏನು ಮಾಡುತ್ತಿದ್ದೆವು? ವರ್ಷವಿಡೀ ಗೋಡೆಗೆ ಸುಣ್ಣ ಬಳಿಯುತ್ತಿದ್ದೆವೇ? ಸಾಹೇಬರು ಬರುವ ಮೂರು ದಿನ ಮೊದಲು ಬಳಿಯುತ್ತಿದ್ದೆವು. ಸಾಹೇಬರು ಬಂದು, ನೋಡಿ, “ಬಹಳ ಚೆನ್ನಾಗಿದೆ” ಎಂದು ಬರೆದು ಹೋಗುತ್ತಿದ್ದರು. ರಕ್ತಪರೀಕ್ಷೆಯೂ ಇನ್‌ಸ್ಪೆಕ್ಷನ್ ತಾನೇ! ಕೊನೆಯ ಮೂರು ದಿನ ಕಟ್ಟುನಿಟ್ಟಾದರೆ ಸಾಕು. ಅದಕ್ಕೆ ಮೊದಲಿನ ಎಂಬತ್ತೇಳು ದಿನ ನನ್ನವು!

ಯೋಜನೆ ಸಿದ್ಧವಾಯಿತು. ತಿನ್ನಲು ಜಾಗ ಮಾತ್ರ ಬೇಕಿತ್ತು.

ಮೊದಲು ಹೋದದ್ದು ಪಾಣೆಮಂಗಳೂರಿನ ಹರೀಶನ ಹೋಟೆಲಿಗೆ. ಹರೀಶ ನನ್ನ ಹಳೆಯ ಶಿಷ್ಯ. ಈಗ ಎರಡು ಮಕ್ಕಳ ತಂದೆ, ಒಳ್ಳೆಯ ವ್ಯಾಪಾರ. ಗಾಜಿನ ಕಪಾಟಿನಲ್ಲಿ ಆಗ ತಾನೇ ಎಣ್ಣೆಯಿಂದ ಎದ್ದ ಬನ್ಸು ಉಬ್ಬಿ ಕುಳಿತಿದ್ದವು. ಬಾಳೆಹಣ್ಣಿನ ಪರಿಮಳ ಬಾಗಿಲವರೆಗೆ ಬಂದು ನನ್ನನ್ನು ಎದುರುಗೊಂಡಿತು.

“ಎರಡು ಬನ್ಸ್ ಹರೀಶ. ಒಂದು ಚಾ.”

ಹರೀಶ ಒಳಗೆ ಹೋದ. ಬರುವಾಗ ಅವನ ಕೈಯಲ್ಲಿ ಸಣ್ಣಗೆ ಹೆಚ್ಚಿದ ಮುಳ್ಳುಸೌತೆಯ ತಟ್ಟೆಯಿತ್ತು.

“ಇದು ಎಂತ?”

“ಸರ್, ಸುಮತಿ ಅಕ್ಕ ಫೋನ್ ಮಾಡಿದ್ರು. ನಿಮಗೆ ಸಿಹಿ, ಕರಿದದ್ದು ಕೊಡ್ಲಿಕ್ಕಿಲ್ಲ ಅಂತ.”

“ನಾನು ನಿನ್ನ ಗುರು. ಗುರುವಿನ ಮಾತು ಮೀರ್ತೀಯಾ?”

“ಹೋಮ್‌ವರ್ಕ್ ಮಾಡದೆ ಬಂದಾಗ ನನ್ನ ಕಿವಿ ಹಿಂಡಿ ‘ನಿನ್ನ ಒಳ್ಳೆಯದಕ್ಕೇ’ ಅಂತ ಹೇಳ್ತಾ ಇದ್ರಿ ಸರ್. ಇದೂ ಹಾಗೆಯೇ.” ಹೀಗೆಂದು ನನ್ನ ಕಿವಿಯನ್ನು ಒಮ್ಮೆ ನೋಡಿದ. ನಾನು ಮುಳ್ಳುಸೌತೆ ತಿಂದೆ.

ಮುಂದಿನ ವಾರ ಹಳೆಯ ಸಹೋದ್ಯೋಗಿಯೊಬ್ಬರನ್ನು ನೋಡಲಿಕ್ಕಿದೆ ಎಂದು ಸುಳ್ಳು ಹೇಳಿ ಮೂಡುಬಿದಿರೆಗೆ ಹೋದೆ. ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನ ಮೂಲೆಯ ಮೇಜಿನಲ್ಲಿ, ಗೋಡೆಗೆ ಮುಖ ಮಾಡಿ ಕುಳಿತೆ. ಒಂದು ನಿಮಿಷದಲ್ಲಿ ಕ್ಯಾಶಿಯರು ಎದ್ದು ಬಂದು ಕಾಲಿಗೆ ನಮಸ್ಕಾರ ಮಾಡಿದ.

“ಸರ್, ನಾನು ನಿಮ್ಮ ಸ್ಟೂಡೆಂಟ್! ಶುಗರ್ ಬಂದಿದೆಯಂತೆ ಅಲ್ವಾ? ನಮ್ಮ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ಹರೀಶ ಹಾಕಿದ್ದಾನೆ.”

ಮೂವತ್ತೊಂದು ವರ್ಷದಲ್ಲಿ ಸಾವಿರಾರು ಮಕ್ಕಳಿಗೆ ಕಲಿಸಿದ್ದೇನೆಂದು ಬೀಳ್ಕೊಡುಗೆ ಸಭೆಯಲ್ಲಿ ಎದೆ ತಟ್ಟಿಕೊಂಡವನು ನಾನು. ಅದರ ಫಲ ಈಗ ಉಣ್ಣಬೇಕಾಯಿತು. ಫಲ ಎಂದರೆ ಮತ್ತೆ ಮುಳ್ಳುಸೌತೆ!

ಮನೆಗೆ ಬಂದು ಯೋಚಿಸಿದೆ. ನಾನು ಕಲಿಸದ ಊರು ಯಾವುದು? ಉಜಿರೆಯಿಂದ ಆಚೆ, ಚಾರ್ಮಾಡಿ ಘಾಟಿಯ ಹತ್ತಿರದ ಕಕ್ಕಿಂಜೆ ನೆನಪಾಯಿತು. ಅಲ್ಲಿ ನನಗೆ ಶಿಷ್ಯರಿಲ್ಲ, ನೆಂಟರಿಲ್ಲ, ಗುರುತಿನವರಿಲ್ಲ. ಸ್ವರ್ಗ ಎಂದರೆ ಇನ್ನೇನು?

ಆದರೆ ಅಷ್ಟು ದೂರ ಹೋಗಲು ಮನೆಯಲ್ಲಿ ಏನು ಹೇಳುವುದು? ಯೋಚಿಸಿ ಯೋಚಿಸಿ, “ಇನ್ನು ಪ್ರತಿ ಸೋಮವಾರ ಧರ್ಮಸ್ಥಳಕ್ಕೆ ಹೋಗಬೇಕೆಂದು ಮನಸ್ಸಿಗೆ ಬಂದಿದೆ” ಎಂದೆ.

ಸುಮತಿ ಒಂದು ಕ್ಷಣ ನನ್ನನ್ನೇ ನೋಡಿದಳು. ಅವಳ ಕಣ್ಣು ತುಂಬಿತು. “ದೇವರು ಒಳ್ಳೆ ಬುದ್ಧಿ ಕೊಟ್ಟ” ಎಂದಳು. ನನಗೆ ಸ್ವಲ್ಪ ಪಿಚ್ಚೆನಿಸಿತು. ಆದರೆ ಬನ್ಸಿನ ನೆನಪು ಬಂತು, ಪಿಚ್ಚೆನಿಸಿದ್ದು ಹೋಯಿತು.

ಸೋಮವಾರ ಬೆಳಿಗ್ಗೆ ಹೊರಟೆ. ಪ್ರಸಾದ ತರದಿದ್ದರೆ ಸುಮತಿಗೆ ಸಂಶಯ ಬರುತ್ತದಲ್ಲ! ಹಾಗಾಗಿ ನಿಜವಾಗಿಯೂ ಧರ್ಮಸ್ಥಳಕ್ಕೆ ಹೋಗಿ, ದೇವರಿಗೆ ಕೈಮುಗಿದು, ಮುಂದೆ ಮಾಡಲಿರುವುದಕ್ಕೆ ಮುಂಗಡವಾಗಿ ಕ್ಷಮೆ ಕೇಳಿ, ಪ್ರಸಾದ ಕಟ್ಟಿಸಿಕೊಂಡು ಉಜಿರೆಗೆ ಬಂದು, ಅಲ್ಲಿಂದ ಮತ್ತೊಂದು ಬಸ್ಸು ಹಿಡಿದು ಕಕ್ಕಿಂಜೆ ಸೇರಿದೆ. ಎರಡು ಬನ್ಸಿಗೆ ಮೂರು ಬಸ್ಸು!

ಅಲ್ಲಿ ರಸ್ತೆ ಬದಿಯ ಸಣ್ಣ ಹೋಟೆಲು. ಯಜಮಾನರು ಹಮೀದಾಕ, ಅರುವತ್ತು ದಾಟಿದವರು, ಬಿಳಿ ಗಡ್ಡ, ಮೆಲುಮಾತು. ಎರಡು ಬನ್ಸು, ಮೂರು ಜಿಲೇಬಿ, ಎರಡು ಚಮಚ ಸಕ್ಕರೆಯ ಚಾ ಹೇಳಿದೆ. ಎಲ್ಲವೂ ಬಂತು! ಯಾರೂ ಕಾಲು ಹಿಡಿಯಲಿಲ್ಲ. ಮೊದಲನೆಯ ಜಿಲೇಬಿ ಬಾಯಿಗಿಟ್ಟಾಗ ನನಗೆ ಬೀಳ್ಕೊಡುಗೆ ಸಭೆಯಲ್ಲಿಯೂ ಆಗದಷ್ಟು ಆನಂದವಾಯಿತು.

ನನ್ನ ಎದುರಿಗೇ ಹಮೀದಾಕ ತಮ್ಮ ಬುತ್ತಿ ಬಿಚ್ಚಿ ರಾಗಿ ರೊಟ್ಟಿ, ಸೊಪ್ಪಿನ ಪಲ್ಯ ತಿನ್ನುತ್ತಿದ್ದರು.

“ಇಷ್ಟೆಲ್ಲ ಇಟ್ಟುಕೊಂಡು ನೀವು ರೊಟ್ಟಿ ತಿನ್ನುವುದಾ?”

“ನನಗೆ ಶುಗರ್ ಉಂಟು. ಹದಿನೆಂಟು ವರ್ಷ ಆಯ್ತು. ಇಲ್ಲಿಯದ್ದು ನಾನು ಮುಟ್ಟುವುದಿಲ್ಲ.” ಆಮೇಲೆ ನನ್ನ ಮೂರನೆಯ ಜಿಲೇಬಿಯ ಕಡೆ ನೋಡಿ ಕೇಳಿದರು: “ನಿಮಗೆ ಎಂತ ಇಲ್ವಲ್ಲ?”

“ಛೆ ಛೆ! ನಮ್ಮ ವಂಶದಲ್ಲೇ ಇಲ್ಲ!” ಎಂದೆ. ನಮ್ಮ ವಂಶದಲ್ಲಿ ಅಪ್ಪನಿಗಿತ್ತು, ಚಿಕ್ಕಪ್ಪನಿಗಿತ್ತು, ಇಬ್ಬರು ಅತ್ತೆಯಂದಿರಿಗಿತ್ತು.

ಹೀಗೆ ಸೋಮವಾರಗಳು ಸಿಹಿಸಿಹಿಯಾಗಿ ಸಾಗಿದವು. ಆಮೇಲೆ ಗುರುವಾರವೂ ಭಕ್ತಿ ಬರತೊಡಗಿತು. ನನ್ನ ಪ್ಯಾಂಟು ಸೊಂಟದಲ್ಲಿ ಬಿಗಿಯಾಯಿತು. “ಒಗೆದು ಒಗೆದು ಕುಗ್ಗಿದೆ” ಎಂದೆ. ಇತ್ತ ಸುಮತಿ ತೆಳ್ಳಗಾಗುತ್ತಿದ್ದಳು. ಅವಳ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನಾನದನ್ನು ಕಂಡೆನೇ ಹೊರತು ಯೋಚಿಸಲಿಲ್ಲ. ಅವಳು ಜಲಜಕ್ಕನ ಹತ್ತಿರ, “ಇವರು ಈಗ ಎಷ್ಟು ಬದಲಾಗಿದ್ದಾರೆ ಗೊತ್ತುಂಟಾ ಜಲಜಕ್ಕ, ವಾರಕ್ಕೆರಡು ಸಲ ಧರ್ಮಸ್ಥಳ” ಎನ್ನುವಾಗ ನಾನು ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಪರೀಕ್ಷೆಗೆ ಮೂರು ದಿನ ಉಳಿಯಿತು. ಸುಣ್ಣ ಬಳಿಯುವ ಕಾಲ! ಅದೃಷ್ಟಕ್ಕೆ ಸುಮತಿ ತಂಗಿಯ ಮಗಳ ಸೀಮಂತಕ್ಕೆಂದು ಎರಡು ದಿನದ ಮಟ್ಟಿಗೆ ಬೆಳ್ತಂಗಡಿಗೆ ಹೊರಟಳು. ನನಗೆಂದು ಪಲ್ಯ, ಸಾರು ಮಾಡಿ ಫ್ರಿಜ್ಜಿನಲ್ಲಿಟ್ಟು, “ಹೊತ್ತಿಗೆ ಸರಿಯಾಗಿ ಉಣ್ಣಿ. ಉಪವಾಸ ಕೂರ್ಬೇಡಿ, ಡಾಕ್ಟ್ರು ಹೇಳಿದ್ದು ನೆನಪುಂಟಲ್ಲ” ಎಂದು ಮೂರು ಸಲ ಹೇಳಿದಳು.

ನೆನಪಿತ್ತು. ಆದರೆ ಎಂಬತ್ತೇಳು ದಿನದ ಪಾಪವನ್ನು ಮೂರು ದಿನದಲ್ಲಿ ತೊಳೆಯಬೇಕಾದವನಿಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಪುರುಸೊತ್ತು ಎಲ್ಲಿ? ಮೊದಲ ದಿನ ಹಾಗಲಕಾಯಿ ಅರೆದು ಎರಡು ಲೋಟ ಕುಡಿದೆ. ಬಾಯಿಯಷ್ಟೇ ಅಲ್ಲ, ಕಿವಿಯೂ ಕಹಿಯಾಯಿತು. ಅದರ ಮೇಲೆ ನೆನೆಸಿದ ಮೆಂತೆ. ಅನ್ನದ ಮುಖ ನೋಡಲಿಲ್ಲ. ಆದರೆ ಮಾತ್ರೆಯನ್ನು ಮಾತ್ರ ತಪ್ಪದೆ ತೆಗೆದುಕೊಂಡೆ. ಅಷ್ಟು ಶಿಸ್ತು ನನಗುಂಟು! ಹೊಟ್ಟೆಗೆ ಏನೂ ಹಾಕದೆ ಸಕ್ಕರೆ ಇಳಿಸುವ ಮಾತ್ರೆ ನುಂಗಿದರೆ ಏನಾಗುತ್ತದೆಂದು ಮೂರನೇ ತರಗತಿಯ ಮಗುವಿಗೂ ಹೊಳೆಯಬಹುದಿತ್ತು. ನನಗೆ ಹೊಳೆಯಲಿಲ್ಲ.

ಎರಡನೆಯ ದಿನವೂ ಅದೇ. ಮೂರನೆಯ ದಿನ ಬೆಳಿಗ್ಗೆ ಮಾತ್ರೆ ನುಂಗಿ, ಖಾಲಿ ಹೊಟ್ಟೆಯಲ್ಲಿ ವಾಕಿಂಗ್ ಹೊರಟೆ. ಅರ್ಧ ಗಂಟೆಯಲ್ಲ, ಎರಡು ಗಂಟೆ! ಪಾಣೆಮಂಗಳೂರಿನ ಸೇತುವೆಯ ಮೇಲೆ ಎರಡನೆಯ ಸುತ್ತು ಬರುವಾಗ ನೇತ್ರಾವತಿ ಯಾಕೋ ಓರೆಯಾಗಿ ಹರಿಯುತ್ತಿರುವಂತೆ ಕಂಡಿತು. ಬೆವರು ಅಂಗಿಯನ್ನು ಒದ್ದೆ ಮಾಡಿತು. ಕೈ ನಡುಗಿತು. ಎದೆ ಡವಡವ ಹೊಡೆದುಕೊಂಡಿತು. ಹೇಗೋ ಕಾಲೆಳೆದುಕೊಂಡು ಹರೀಶನ ಹೋಟೆಲಿನ ಬೆಂಚಿಗೆ ಬಂದು ಬಿದ್ದೆ. ಇಬ್ಬರು ಹರೀಶರು ಓಡಿ ಬಂದರು.

“ಸರ್! ಎಂತ ಆಯ್ತು? ಮೈಯೆಲ್ಲ ಬೆವರು!” ನನ್ನ ಕೈ ಹಿಡಿದು ನೋಡಿದ. “ಬೆಳಿಗ್ಗೆ ಎಂತ ತಿಂದಿದ್ದೀರಿ?”

“ಮಾತ್ರೆ” ಎಂದೆ.

ಹರೀಶನ ತಾಯಿಗೂ ಸಕ್ಕರೆ ಕಾಯಿಲೆ. ಅವನಿಗೆ ಕೂಡಲೇ ಗೊತ್ತಾಯಿತು. ಒಳಗೆ ಓಡಿ ಅರ್ಧ ಲೋಟ ನೀರಿಗೆ ನಾಲ್ಕು ಚಮಚ ಸಕ್ಕರೆ ಸುರಿದು ಕಲಸಿ ತಂದ. “ಕುಡಿಯಿರಿ ಸರ್!”

ಮೂರು ತಿಂಗಳ ಅಭ್ಯಾಸ ನೋಡಿ! ಆ ಸ್ಥಿತಿಯಲ್ಲಿಯೂ ನನ್ನ ಬಾಯಿಂದ ಬಂದದ್ದು, “ಬೇಡ ಮಾರಾಯ, ಸುಮತಿಗೆ ಗೊತ್ತಾದರೆ…”

“ಅಕ್ಕನಿಗೆ ನಾನು ಹೇಳ್ತೇನೆ. ಮೊದಲು ಕುಡಿಯಿರಿ!”

ಕುಡಿದೆ. ಹತ್ತು ಹದಿನೈದು ನಿಮಿಷದಲ್ಲಿ ಇಬ್ಬರು ಹರೀಶರು ಒಬ್ಬನಾದರು. ಅವನು ಎರಡು ಇಡ್ಲಿ ತಿನ್ನಿಸಿ, ರಿಕ್ಷಾದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ನೋಡಿ, ಉಪವಾಸ ಕೂತದ್ದಕ್ಕೆ ಚೆನ್ನಾಗಿ ಬೈದು, “ಈಗ ತೊಂದರೆ ಇಲ್ಲ. ಊಟ ಮಾಡಿ ಮಲಗಿ. ನಾಳೆ ಹೇಗೂ ಪರೀಕ್ಷೆ ಉಂಟಲ್ಲ, ಮಾತಾಡುವ” ಎಂದರು.

ಸುಮತಿ ಸೀಮಂತದ ಎಲೆ ಹಾಕುವ ಮೊದಲೇ ಎದ್ದು ಮಧ್ಯಾಹ್ನದ ಬಸ್ಸಿಗೆ ಬಂದಳು. ಒಂದು ಮಾತೂ ಬೈಯಲಿಲ್ಲ. ಗಂಜಿ, ಹುರುಳಿ ಚಟ್ನಿ ಮುಂದಿಟ್ಟು, ನಾನು ತಿಂದು ಮುಗಿಸುವವರೆಗೆ ನನ್ನ ಕೈಯನ್ನೇ ನೋಡುತ್ತಾ ಕುಳಿತಳು, ಇನ್ನೂ ನಡುಗುತ್ತಿದೆಯೋ ಎಂದು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಲ್ಯಾಬಿಗೆ ಹೋದೆವು. ರಕ್ತ ತೆಗೆಯುವವಳು ನಫೀಸಾ. ಹೌದು, ಅವಳೂ ನನ್ನ ಶಿಷ್ಯೆ! ಒಂದು ಗಂಟೆ ಕಳೆದು ಅವಳು ಹೇಳಿದಳು: “ಸರ್, ಫಾಸ್ಟಿಂಗ್ ಶುಗರ್ ನಾರ್ಮಲ್ ಉಂಟು.”

ನಾನು ಎದ್ದು ನಿಂತೆ. ನಿನ್ನೆ ಬೆಂಚಿನ ಮೇಲೆ ಬಿದ್ದವನೆಂದು ಯಾರೂ ಹೇಳುವಂತಿರಲಿಲ್ಲ. “ನೋಡಿದೆಯಾ?” ಎಂದು ಸುಮತಿಯ ಕಡೆ ತಿರುಗಿದೆ. “ಪ್ರಯತ್ನ ಮಾಡಿದರೆ ಆಗದ್ದು ಯಾವುದೂ ಇಲ್ಲ!”

“ಇನ್ನೊಂದು ರಿಪೋರ್ಟ್ ಬರ್ಲಿಕ್ಕುಂಟು ಸರ್” ಎಂದಳು ನಫೀಸಾ.

“ಇನ್ನೊಂದಾ? ಯಾವುದು?”

“ಮೂರು ತಿಂಗಳದ್ದು. ರಕ್ತಕ್ಕೆ ಅಂಟಿದ ಸಕ್ಕರೆ ಬೇಗ ಹೋಗುವುದಿಲ್ಲ ಸರ್. ಅದನ್ನು ನೋಡಿ ಎರಡು ಮೂರು ತಿಂಗಳ ಸರಾಸರಿ ಹೇಳ್ಬಹುದು.”

“ಸರಾಸರಿ ಅಂದ್ರೆ…”

“ಒಂಬತ್ತನೇ ಕ್ಲಾಸಲ್ಲಿ ನೀವೇ ಕಲಿಸಿದ್ದಲ್ವಾ ಸರ್? ಒಂದು ದಿನದ ಮಾರ್ಕ್ ನೋಡಿ ಹಾರಾಡ್ಬೇಡಿ, ಸರಾಸರಿ ನೋಡಿ ಅಂತ.”

ಮೊದಲ ಸಲವೂ ಆ ಪರೀಕ್ಷೆ ಮಾಡಿದ್ದರಂತೆ. ರಿಪೋರ್ಟಿನ ಎರಡನೆಯ ಹಾಳೆಯಲ್ಲಿತ್ತಂತೆ. ನಾನು ಎರಡನೆಯ ಹಾಳೆ ಓದಿರಲಿಲ್ಲ. ಪ್ರಶ್ನೆಪತ್ರಿಕೆಯ ಹಿಂಬದಿ ನೋಡದೆ ಎದ್ದು ಹೋಗುವ ಮಕ್ಕಳಿಗೆ ನಾನು ಬೈದದ್ದಕ್ಕೆ ಮಿತಿಯಿಲ್ಲ.

ಡಾಕ್ಟರು ಎರಡೂ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಮೂರು ತಿಂಗಳ ಹಿಂದೆ ಎಂಟೂವರೆ ಇದ್ದದ್ದು ಈಗ ಒಂಬತ್ತೂವರೆ. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ಮಾಸ್ಟ್ರೇ, ಈ ಮೂರು ತಿಂಗಳು ಎಲ್ಲಿ ಇದ್ರಿ?” ಎಂದರು.

ಸುಳ್ಳು ಹೇಳಲು ಬಾಯಿ ತೆರೆದೆ. ಒಂದೂ ಬರಲಿಲ್ಲ. “ಕಕ್ಕಿಂಜೆಯಲ್ಲಿ” ಎಂದೆ. ಆಮೇಲೆ ಬನ್ಸು, ಜಿಲೇಬಿ, ಗುರುವಾರದ ಭಕ್ತಿ ಎಲ್ಲವೂ ಹೊರಬಿತ್ತು. ಡಾಕ್ಟರು ನಗಲಿಲ್ಲ. “ಕಣ್ಣಿನಲ್ಲಿ ಸುರು ಆಗಿದೆ ಮಾಸ್ಟ್ರೇ. ಹೀಗೇ ಬಿಟ್ಟರೆ ಮುಂದೆ ಕಿಡ್ನಿ, ಕಾಲು. ನಿಮಗೆ ಹೆದರಿಸ್ಲಿಕ್ಕೆ ಹೇಳುವುದಲ್ಲ. ಇನ್ನೂ ಸಮಯ ಉಂಟು, ಅದಕ್ಕೆ ಹೇಳುವುದು.”

ಮನೆಗೆ ಬರುವ ರಿಕ್ಷಾದಲ್ಲಿ ಸುಮತಿ ಎರಡೂ ಹಾಳೆಗಳನ್ನು ಮಡಚಿ ಕೈಚೀಲಕ್ಕೆ ಹಾಕಿದಳು. ಆಮೇಲೆ ಕೇಳಿದಳು: “ಧರ್ಮಸ್ಥಳಕ್ಕೆ ಹೋದದ್ದಾದ್ರೂ ಹೌದಾ?”

“ಹೌದು, ದೇವರಾಣೆ!”

“ಆಣೆ ಹಾಕ್ಬೇಡಿ. ದೇವರಿಗೂ ಬನ್ಸಿಗೂ ಒಂದೇ ಟಿಕೆಟಲ್ಲಿ ಹೋದವರು ನೀವು.”

ರಿಕ್ಷಾದವನು ಮುಂದೆ ಸಣ್ಣಗೆ ಕೆಮ್ಮಿದ. ಬಹುಶಃ ಅವನೂ ನನ್ನ ಶಿಷ್ಯನೇ ಇರಬೇಕು. ನಾನು ಕೇಳಲಿಲ್ಲ.

ಮನೆ ಹತ್ತಿರ ಬಂದಾಗ ಅವಳು ರಸ್ತೆ ನೋಡುತ್ತಾ ಹೇಳಿದಳು: “ನಾನು ಚಾಕ್ಕೆ ಸಕ್ಕರೆ ಹಾಕದೆ ಮೂರು ತಿಂಗಳಾಯ್ತು. ನಿಮ್ಮೆದುರು ನಾನೊಬ್ಬಳೇ ಸಿಹಿ ಕುಡಿಯುವುದು ಹೇಗೆ ಅಂತ. ಸೀಮಂತಕ್ಕೆ ಹೋಳಿಗೆ ಮಾಡುವಾಗ್ಲೇ ರುಚಿ ನೋಡು ಅಂತ ಒಂದು ಕೊಡ್ಲಿಕ್ಕೆ ಬಂದ್ರು. ನೀವು ಇಲ್ಲಿ ಹಾಗಲಕಾಯಿ ತಿಂತಾ ಇರ್ಬಹುದು ಅಂತ ನಾನು ಬೇಡ ಅಂದಿದ್ದೆ.”

ಮದುವೆಯಾದಂದಿನಿಂದ ಸುಮತಿಯ ಚಾ ನನಗೆ ಗೊತ್ತು. ಮೊದಲು ಲೋಟಕ್ಕೆ ಸಕ್ಕರೆ, ಆಮೇಲೆ ಅದು ಮುಳುಗುವಷ್ಟು ಚಾ. ಅಂಥವಳ ಬಳೆ ಯಾಕೆ ಜಾರುತ್ತಿತ್ತೆಂದು ಆಗ ಅರ್ಥವಾಯಿತು. ನಾನು ರಿಕ್ಷಾದಿಂದ ಇಳಿದೆ. ಗೇಟು ತೆಗೆದುಕೊಟ್ಟೆ. ಅಷ್ಟೇ ಸಾಧ್ಯವಾದದ್ದು.

ಆಮೇಲಿನ ಮೂರು ತಿಂಗಳು ನಿಜವಾದ ಪಥ್ಯ. ಸುಮತಿ ಬಡಿಸಿದಳು, ನಾನು ತಿಂದೆ. ಅರ್ಧ ಬಟ್ಟಲು ತರಕಾರಿಯಲ್ಲಿ ಅವಳು ಎಷ್ಟು ವಿಧ ಮಾಡಬಲ್ಲಳೆಂದು ಮೂವತ್ತು ವರ್ಷ ಸಂಸಾರ ಮಾಡಿದ ನನಗೆ ತಿಳಿದಿರಲಿಲ್ಲ. ಬಾಳೆದಿಂಡಿನ ಪಲ್ಯ, ನುಗ್ಗೆಸೊಪ್ಪಿನ ಪಲ್ಯ, ಮೊಳಕೆ ಬರಿಸಿದ ಹೆಸರಿಗೆ ಕಾಯಿ ಅರೆದು ಹಾಕಿದ ಗಸಿ. ಬಂಗುಡೆಯನ್ನು ಎಣ್ಣೆಯಲ್ಲಿ ಮುಳುಗಿಸದೆ ಬಾಳೆಎಲೆಯಲ್ಲಿ ಸುತ್ತಿ ಕಾವಲಿಯಲ್ಲಿ ಬೇಯಿಸಿದರೆ ಬರುವ ರುಚಿಯ ಮುಂದೆ, ಹೇಳಬಾರದು, ಜಿಲೇಬಿ ಸ್ವಲ್ಪ ಹಿಂದೆಯೇ. ಸಂಜೆ ಇಬ್ಬರೂ ಒಟ್ಟಿಗೆ ಅರ್ಧ ಗಂಟೆ ನಡೆದೆವು. ಅವಳು ಮುಂದೆ, ನಾನು ಹಿಂದೆ, ಏದುಸಿರು ಬಿಡುತ್ತಾ.

ಮುಂದಿನ ಪರೀಕ್ಷೆಯಲ್ಲಿ ಒಂಬತ್ತೂವರೆ ಏಳಕ್ಕಿಳಿಯಿತು. ಡಾಕ್ಟರು ಮೊದಲ ಬಾರಿ ನಕ್ಕರು. “ಭೇಷ್ ಮಾಸ್ಟ್ರೇ! ಹೊರಗೆ ಹತ್ತು ಹನ್ನೆರಡು ಜನ ಶುಗರಿನವರೇ ಕೂತಿದ್ದಾರೆ. ನಾನು ಹೇಳಿದ್ರೆ ಕೇಳುವುದಿಲ್ಲ. ನೀವು ಮಾಡಿ ತೋರಿಸಿದವರು, ನಾಲ್ಕು ಮಾತು ಹೇಳಿ.”

ಮಾಸ್ಟ್ರಿಗೆ ನಾಲ್ಕು ಮಾತು ಹೇಳಿ ಎಂದರೆ ಕೇಳಬೇಕೆ? ಹೊರಗೆ ಬಂದು ಅಂಗಿಯ ತೋಳು ಸರಿ ಮಾಡಿಕೊಂಡು ಆರಂಭಿಸಿದೆ. ಇಂದ್ರಿಯ ನಿಗ್ರಹ, ಮನೋಬಲ, ಮಾನವ ಜೀವನದಲ್ಲಿ ಶಿಸ್ತಿನ ಮಹತ್ವ ಎಲ್ಲವನ್ನೂ ಇಪ್ಪತ್ತು ನಿಮಿಷ ವಿವರಿಸಿದೆ. ನಡುವೆ ಒಂದು ಸಲ, ಹಿಂದೆ ನಿಂತಿದ್ದ ಸುಮತಿಯ ಬಾಳೆದಿಂಡಿನ ಪಲ್ಯದ ಹೆಸರೂ ಬಂತು. ಒಬ್ಬರೂ ಎದ್ದು ಹೋಗಲಿಲ್ಲ. ಟೋಕನ್ ನಂಬರ್ ಕರೆಯುವವರೆಗೆ ಹೋಗುವಂತೆಯೂ ಇರಲಿಲ್ಲ.

ಮಾತು ಮುಗಿಯಿತು. ಎಲ್ಲರೂ ಒಟ್ಟಿಗೆ ಎದ್ದರು. ಮುಂದಿನ ಸಾಲಿನಲ್ಲಿದ್ದ ಕಕ್ಯಪದವಿನ ಅಜ್ಜಿಯೊಬ್ಬರು ಕೋಲೂರಿಕೊಂಡು ನೇರ ನನ್ನ ಕಡೆಗೇ ಬಂದರು. ನಾನು ವಿನಯದಿಂದ ತಲೆ ಬಾಗಿಸಿ, ಆಶೀರ್ವಾದವೋ ಪ್ರಶಂಸೆಯೋ, ಏನೇ ಬಂದರೂ ಸ್ವೀಕರಿಸುವ ಭಂಗಿಯಲ್ಲಿ ನಿಂತೆ.

“ಮಾಸ್ಟ್ರೇ, ಸ್ವಲ್ಪ ಆಚೆ ನಿಲ್ಲಿ” ಎಂದರು ಅಜ್ಜಿ. “ನಿಮ್ಮ ಹಿಂದೆ ಇರುವ ಆ ಅಕ್ಕನತ್ರ ಕೇಳ್ಲಿಕ್ಕುಂಟು, ಆ ಬಾಳೆದಿಂಡಿನ ಪಲ್ಯ ಹೇಗೆ ಮಾಡುವುದು ಅಂತ.”

ನಾನು ಆಚೆ ನಿಂತೆ. ಸುಮತಿಯ ಸುತ್ತ ಜನ ಸೇರಿತು. ನನ್ನನ್ನೂ ಯಾರೂ ಮರೆಯಲಿಲ್ಲವೆಂಬುದು ಸಮಾಧಾನ. ಅಜ್ಜಿ ತಮ್ಮ ಕೋಲನ್ನು, ಸುಮತಿ ತನ್ನ ಕೈಚೀಲವನ್ನು ಹಿಡಿದುಕೊಳ್ಳಲು ನನ್ನ ಕೈಗೇ ಕೊಟ್ಟಿದ್ದರು!